ಅಂಕಪಟ್ಟಿಗಿಂತ ಮೊದಲು ತಪ್ಪುಪಟ್ಟಿ

ಐದನೇ ತರಗತಿಯ ಗಣಿತ ಪುಸ್ತಕ ಶುರುವಾಗುವುದೇ 5 ಅಂಕಿಯ ಸಂಖ್ಯೆಗಳಿಂದ. ಅದರ ಬೆನ್ನಿಗೇ ಸಂಕಲನ, ಆಮೇಲೆ ವ್ಯವಕಲನ. ಯಾವ ಪಾಠಕ್ಕೆ ಎಷ್ಟು ಅವಧಿ ಎಂಬುದು ಮಕ್ಕಳ ಮುಖ ನೋಡುವ ಮೊದಲೇ ವಾರ್ಷಿಕ ಪಾಠ ಹಂಚಿಕೆಯಲ್ಲಿ ಬರೆದಾಗಿರುತ್ತದೆ. ಅದೇ ತರಗತಿಯಲ್ಲಿ, 52ರಲ್ಲಿ 27 ಕಳೆ ಎಂದರೆ 35 ಎಂದು ಬರೆಯುವ ಮಕ್ಕಳು ಕೂತಿರುತ್ತಾರೆ. ಹೇಗೆ ಮಾಡಿದೆ ಎಂದು ಕೇಳಿದರೆ ತಡವರಿಸದೆ ಹೇಳುತ್ತಾರೆ: "ಎರಡರಲ್ಲಿ ಏಳು ಹೋಗಲ್ಲ ಮಿಸ್, ಅದಕ್ಕೇ ಏಳರಲ್ಲಿ ಎರಡು ತೆಗೆದೆ." ಆ ಮಗುವಿನ ಕೈಯಲ್ಲಿ ಒಂದು ನಿಯಮವಿದೆ. ನಿಯಮ ತಪ್ಪು, ಆದರೆ ಮಗು ಅದನ್ನು ಪ್ರತಿ ಲೆಕ್ಕಕ್ಕೂ ನಿಷ್ಠೆಯಿಂದ ಹಚ್ಚುತ್ತದೆ. ಅಂಕ ತುಂಬುವ ಪರದೆಯಲ್ಲಿ ಈ ಸಂಗತಿಗೆ ಜಾಗವಿಲ್ಲ. ಅಲ್ಲಿಗೆ ಹೋಗುವುದು ಸೊನ್ನೆ ಮಾತ್ರ.

ನಾನು ಕಲಿಸುವುದು ಇಬ್ಬರೇ ಶಿಕ್ಷಕರಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಒಂದರಿಂದ ಮೂರನೇ ತರಗತಿಯ ನಲಿ-ಕಲಿ (ಕಾರ್ಡು, ಚಟುವಟಿಕೆ, ಗುಂಪುಗಳ ಮೂಲಕ ಕಲಿಸುವ ಪದ್ಧತಿ) ಒಬ್ಬರ ಪಾಲಿಗೆ, ನಾಲ್ಕು ಮತ್ತು ಐದು ಒಟ್ಟಾಗಿ ನನ್ನ ಪಾಲಿಗೆ. ನನ್ನ ಎರಡು ತರಗತಿ ಸೇರಿ 24 ಮಕ್ಕಳು. ಪಾಠ ಹಂಚಿಕೆ, ಸ್ಯಾಟ್ಸ್ (ಮಕ್ಕಳ ಅಂಕ, ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ), ಮೌಲ್ಯಮಾಪನ ಇವೆಲ್ಲದರ ನಡುವೆ ಕಲಿಕೆಗೆ ಜಾಗ ಮಾಡಿಕೊಂಡ ಬಗೆಯನ್ನು, ನನ್ನಂತೆ ಬಹುತರಗತಿ ನಡೆಸುವವರಿಗೆ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಪ್ರಕರಣದಲ್ಲಿ ಶಿಕ್ಷಕರ ಕರ್ತವ್ಯಗಳಿವೆ. ನಿಗದಿತ ಅವಧಿಯೊಳಗೆ ಇಡೀ ಪಠ್ಯಕ್ರಮ ಮುಗಿಸಬೇಕು ಎಂದು ಅಲ್ಲಿದೆ. ಅದರ ಮರುಸಾಲಿನಲ್ಲೇ ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಬೇಕಾದರೆ ಹೆಚ್ಚುವರಿ ಬೋಧನೆ ಕೊಡಬೇಕು ಎಂದೂ ಇದೆ. ಭೇಟಿಗೆ ಬಂದವರು ಮೊದಲನೆಯದನ್ನೇ ಕೇಳುತ್ತಾರೆ: ಎಷ್ಟು ಪಾಠ ಆಯ್ತು, ಎಂಟ್ರಿ ಆಯ್ತಾ? ಎರಡನೆಯದನ್ನು ನಾವೇ ಎತ್ತಿ ತೋರಿಸಬೇಕು. ನನ್ನ ಪಾಠ ಯೋಜನೆ ಪುಸ್ತಕದ ಮೊದಲ ಪುಟದಲ್ಲಿ ಈ ಎರಡೂ ಸಾಲುಗಳನ್ನು ಒಂದರ ಕೆಳಗೊಂದು ಬರೆದಿಟ್ಟಿದ್ದೇನೆ.

ಜೂನ್‌ನಲ್ಲಿ ಸೇತುಬಂಧ ಇರುತ್ತದೆ, ಹಿಂದಿನ ತರಗತಿಯ ಕಲಿಕೆಯಲ್ಲಿ ಉಳಿದ ಕೊರತೆ ತುಂಬುವ ಕಾರ್ಯಕ್ರಮ. ಪೂರ್ವ ಪರೀಕ್ಷೆ, ಪರಿಹಾರ ಬೋಧನೆ, ಸಾಫಲ್ಯ ಪರೀಕ್ಷೆ ಎಂಬ ಕ್ರಮ ಒಳ್ಳೆಯದೇ. ಪೂರ್ವ ಪರೀಕ್ಷೆಯನ್ನು 24 ಮಕ್ಕಳಿಗೂ ಒಟ್ಟಿಗೆ ಬರೆಸಿ ಅಂಕ ಕೂಡಿಸಿದಾಗ ಅದು ಕೆಡುತ್ತದೆ. 20ಕ್ಕೆ 7 ಬಂದ ಇಬ್ಬರು ಮಕ್ಕಳಿಗೆ ಒಂದೇ ಪಾಠ ಬೇಕಾಗಿರುವುದಿಲ್ಲ. ಅದಕ್ಕೆ ನಾನು ಲೆಕ್ಕಗಳನ್ನೇ ಬೇರೆ ರೀತಿ ಆರಿಸುತ್ತೇನೆ, ಉತ್ತರ ನೋಡಿದ ಕೂಡಲೇ ತಪ್ಪಿನ ಬೇರು ಕಾಣುವಂತೆ.

ವ್ಯವಕಲನಕ್ಕೆ ಐದೇ ಲೆಕ್ಕ ಸಾಕು: 58−23, 64−7, 52−27, 60−34, 403−158. ಮೊದಲನೆಯದು ಬಾರದಿದ್ದರೆ ಕಳೆಯುವುದೇ ಗೊತ್ತಿಲ್ಲ ಎಂದರ್ಥ. 64−7ಕ್ಕೆ 14 ಬಂದರೆ ಮಗು 7ನ್ನು 6ರ ಕೆಳಗೆ ಬರೆದಿದೆ, ಸ್ಥಾನ ತಪ್ಪಿದೆ. (ಈ ಲೆಕ್ಕವನ್ನು ಅಡ್ಡವಾಗಿಯೇ ಕೊಡಬೇಕು. ನಾವೇ ಒಂದರ ಕೆಳಗೊಂದು ಬರೆದು ಕೊಟ್ಟರೆ ಈ ತಪ್ಪು ಹೊರಗೆ ಬರುವುದಿಲ್ಲ.) 60−34ಕ್ಕೆ 34 ಬರೆದರೆ ಸೊನ್ನೆ ಮತ್ತು ನಾಲ್ಕರಲ್ಲಿ ನಾಲ್ಕೇ ಉಳಿಯುತ್ತದೆ ಎಂಬ ಲೆಕ್ಕಾಚಾರ. 30 ಬರೆದರೆ ಸೊನ್ನೆಯಿಂದ ಏನೂ ತೆಗೆಯಲಾಗದು, ಆದ್ದರಿಂದ ಸೊನ್ನೆ ಎಂಬುದು.

ಕೊನೆಯ ಲೆಕ್ಕವೇ ಹೆಚ್ಚು ಹೇಳುವುದು. 403−158ರ ಸರಿಯುತ್ತರ 245. ತರಗತಿಯಲ್ಲಿ ಸಾಮಾನ್ಯವಾಗಿ ಬರುವ ತಪ್ಪುತ್ತರಗಳು ಮೂರು. 355 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. ಅದಕ್ಕೆ ದಶಕ ಪಡೆಯುವುದು ಎಂದರೇನು ಎಂಬಲ್ಲಿಂದಲೇ ಶುರು ಮಾಡಬೇಕು. 255 ಬರೆದ ಮಗುವಿಗೆ ಪಡೆಯುವುದು ಗೊತ್ತು, ಆದರೆ ನಡುವಿನ ಸೊನ್ನೆಯನ್ನು ದಾಟಿ ನೂರರ ಸ್ಥಾನದಿಂದ ನೇರವಾಗಿ ಬಿಡಿಗೆ ತಂದಿದೆ, ಸೊನ್ನೆಯಲ್ಲಿ ಐದು ಹೋಗದೆಂದು ಐದನ್ನೇ ಇಳಿಸಿದೆ. 345 ಬರೆದ ಮಗು ಹೆಚ್ಚುಕಡಿಮೆ ಗುರಿ ಮುಟ್ಟಿದೆ. ಸೊನ್ನೆ 9 ಆಗುತ್ತದೆ ಎಂದು ನೆನಪಿದೆ, 4 ಇದ್ದದ್ದು 3 ಆಗಬೇಕೆಂಬುದನ್ನು ಮರೆತಿದೆ. ಒಬ್ಬರಿಗೆ ಎರಡು ವಾರದ ಕೆಲಸ, ಇನ್ನೊಬ್ಬರಿಗೆ ನಾಲ್ಕು ದಿನದ್ದು, ಮೂರನೆಯವರಿಗೆ ಒಂದು ಮಧ್ಯಾಹ್ನದ್ದು. ಅಂಕಪಟ್ಟಿಯಲ್ಲಿ ಮೂವರಿಗೂ ಸೊನ್ನೆ. ನನ್ನ ಸಿಟ್ಟೆಲ್ಲ ಇಲ್ಲೇ ಇದೆ: ನಮ್ಮಿಂದ ಕೇಳುವ ಮಾಹಿತಿ ರಾಶಿ ರಾಶಿ, ಆದರೆ ನಾಳೆ ಬೆಳಗ್ಗೆ ಯಾವ ಮಗುವಿನ ಪಕ್ಕ ಕೂರಬೇಕು ಎಂಬುದನ್ನು ಅದರಲ್ಲಿ ಒಂದೂ ಹೇಳುವುದಿಲ್ಲ.

ಆದ್ದರಿಂದ ತಪ್ಪುಪಟ್ಟಿ. 200 ಪುಟದ ಉದ್ದನೆಯ ಗೆರೆ ಪುಸ್ತಕ, ಒಂದು ವಿಷಯಕ್ಕೆ ಒಂದು ಜೋಡಿ ಪುಟ. ಎಡಕ್ಕೆ ಮಕ್ಕಳ ಹೆಸರು, ಮೇಲೆ ತಪ್ಪುಗಳ ಹೆಸರು. ಗಣಿತಕ್ಕೆ 9 ಕಾಲಂಗಿಂತ ಹೆಚ್ಚು ಇಡಬಾರದು. 20 ಕಾಲಂ ಹಾಕಿದರೆ ಇದೂ ಇನ್ನೊಂದು ನಮೂನೆಯಾಗಿ, ತುಂಬುವುದೇ ಕೆಲಸವಾಗುತ್ತದೆ. ತಪ್ಪು ಕಂಡ ದಿನ ಆ ಮನೆಯಲ್ಲಿ ಒಂದು ಚುಕ್ಕೆ. ಅದೇ ಬಗೆಯ ಲೆಕ್ಕವನ್ನು ಮೂರು ಬೇರೆ ಬೇರೆ ದಿನ ಸರಿಯಾಗಿ ಮಾಡಿದರೆ ಚುಕ್ಕೆಯ ಸುತ್ತ ಒಂದು ಸೊನ್ನೆ, ಪಕ್ಕದಲ್ಲಿ ತಾರೀಖು. ಮೂರು ದಿನ ಯಾಕೆಂದರೆ ಒಂದು ದಿನದ ಸರಿಯುತ್ತರ ಹಲಗೆಯಿಂದಲೋ ಪಕ್ಕದವರ ಸ್ಲೇಟಿನಿಂದಲೋ ಬಂದಿರಬಹುದು. ಮೂರನೆಯ ದಿನವನ್ನು ಒಂದು ವಾರ ಬಿಟ್ಟು ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ದಿನಕ್ಕೆ 6 ಮಕ್ಕಳ ಪುಸ್ತಕ ಮಾತ್ರ ನೋಡುತ್ತೇನೆ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ. ಸೋಮವಾರದಿಂದ ಗುರುವಾರದೊಳಗೆ 24 ಮಕ್ಕಳೂ ಬರುತ್ತಾರೆ, ಶುಕ್ರವಾರ ಗೈರುಹಾಜರಾಗಿದ್ದವರಿಗೆ. 24 ಪುಸ್ತಕವನ್ನೂ ಒಂದೇ ದಿನ ಮನೆಗೆ ಹೊತ್ತು ತಂದು ಕೆಂಪು ಶಾಯಿಯಲ್ಲಿ ಸರಿ-ತಪ್ಪು ಹಾಕಿದರೆ ಮಗು ನೋಡುವುದು ಗುರುತನ್ನು, ತಪ್ಪನ್ನಲ್ಲ. ತಪ್ಪನ್ನು ತಿದ್ದುವ ಮೊದಲು "ಹೇಗೆ ಮಾಡ್ದೆ, ನಂಗೆ ಹೇಳು" ಎಂದು ಕೇಳಬೇಕು. ಸರಿಯುತ್ತರ ಬಂದಾಗಲೂ ಅಷ್ಟೇ ಸಹಜವಾಗಿ ಕೇಳಬೇಕು. ತಪ್ಪಾದಾಗ ಮಾತ್ರ ಕೇಳಿದರೆ ಎರಡೇ ದಿನಕ್ಕೆ ಮಕ್ಕಳಿಗೆ ಗುಟ್ಟು ತಿಳಿದು, ಪ್ರಶ್ನೆ ಕೇಳಿದ ಕೂಡಲೇ ಅಳಿಸಲು ಹೋಗುತ್ತಾರೆ.

ಇನ್ನು 40 ನಿಮಿಷದ ಅವಧಿ. ನಾನು ಅದನ್ನು ಮೂರಾಗಿ ಒಡೆಯುತ್ತೇನೆ: 15 ನಿಮಿಷ ಹಂಚಿಕೆಯಲ್ಲಿರುವ ಪಾಠ ಎಲ್ಲರಿಗೂ, 20 ನಿಮಿಷ ಗುಂಪು ಕೆಲಸ, 5 ನಿಮಿಷ ತಪ್ಪುಪಟ್ಟಿ. ಗುಂಪು ಮಾಡುವುದು ತಪ್ಪಿನ ಮೇಲೆ, ತರಗತಿಯ ಮೇಲಲ್ಲ. 355 ಬರೆದ ಐದನೇ ತರಗತಿಯವರೂ ನಾಲ್ಕನೆಯವರೂ ಒಂದೇ ಕಡೆ. ನಲಿ-ಕಲಿಯಲ್ಲಿ ಗುಂಪು ಸೂಚಿಸುವ ತಟ್ಟೆ ಬದಲಾದಂತೆ ಗುಂಪು ಬದಲಾಗುವುದನ್ನು ಮೂರು ವರ್ಷ ನೋಡಿ ಬಂದ ಮಕ್ಕಳಿಗೆ ಇದು ಹೊಸದಲ್ಲ. ಒಂದು ಎಚ್ಚರ ಬೇಕು: ಪ್ರತಿ ಸೋಮವಾರ ಗುಂಪುಗಳನ್ನು ಒಡೆದು ಮತ್ತೆ ಕಟ್ಟಬೇಕು. ತಿಂಗಳುಗಟ್ಟಲೆ ಒಂದೇ ಗುಂಪು ಒಂದೇ ಮೂಲೆಯಲ್ಲಿ ಕೂತರೆ ಅದು ದಡ್ಡರ ಸಾಲಾಗುತ್ತದೆ, ಆ ಹೆಸರು ಊರಿಗೂ ಮುಟ್ಟುತ್ತದೆ.

ದಶಕ ಪಡೆಯುವುದನ್ನು ಕಲಿಸಲು ತೆಂಗಿನ ಪೊರಕೆ ಕಡ್ಡಿಗಿಂತ ಒಳ್ಳೆಯ ಸಾಮಗ್ರಿ ನನಗೆ ಸಿಕ್ಕಿಲ್ಲ. 4 ಅಂಗುಲದ ತುಂಡುಗಳು, ತುದಿಯ ಸಪೂರ ಭಾಗ ಬಿಡಬೇಕು. ಅದು ಮುರಿದು ಒಂದು ಎರಡಾಗಿ ಲೆಕ್ಕ ತಪ್ಪುತ್ತದೆ. ಹತ್ತರ ಕಟ್ಟಿಗೆ ರಬ್ಬರ್ ಬ್ಯಾಂಡ್, ನೂರರ ಕಟ್ಟಿಗೆ ಹಳೇ ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿದ ಉಂಗುರ. ನೂರರ ಕಟ್ಟಿನೊಳಗೆ ಹತ್ತರ ಹತ್ತು ಕಟ್ಟುಗಳೇ ಇರಬೇಕು, ನೂರು ಬಿಡಿ ಕಡ್ಡಿಯಲ್ಲ. ಇಲ್ಲಿ ತಪ್ಪಿದರೆ ಇಡೀ ಪಾಠ ಕೆಟ್ಟಿತು, ಏಕೆಂದರೆ ಕಟ್ಟು ಬಿಚ್ಚಿದಾಗ ಮಗುವಿಗೆ ಹತ್ತು ದಶಕ ಕಾಣಬೇಕು. 4 ಮಕ್ಕಳ ಗುಂಪಿಗೆ ನೂರರ 2 ಕಟ್ಟು, ಹತ್ತರ 10 ಕಟ್ಟು, ಬಿಡಿ 20, ಅಂದರೆ 320 ಕಡ್ಡಿ. ಅದಕ್ಕೇ ಕಡ್ಡಿಯಲ್ಲಿ ಮಾಡಿಸುವಾಗ 403−158 ಬೇಡ, 203−58 ಸಾಕು.

2 ನೂರರ ಕಟ್ಟು, 3 ಬಿಡಿ ಕಡ್ಡಿ ಮುಂದಿಟ್ಟು "ಎಂಟು ಕಡ್ಡಿ ಕೊಡು" ಎನ್ನುತ್ತೇನೆ. ಮಗುವಿನ ಹತ್ತಿರ ಮೂರೇ ಇವೆ, ಹತ್ತರ ಕಟ್ಟೇ ಇಲ್ಲ. ತುಸು ಹೊತ್ತು ಸುಮ್ಮನಿರಬೇಕು, ನಾವು ಬಾಯಿ ಹಾಕಬಾರದು. ಯಾರಾದರೂ ಒಬ್ಬರು ನೂರರ ಕಟ್ಟಿನ ಟ್ಯೂಬು ಕಳಚುತ್ತಾರೆ. ಹತ್ತರ ಹತ್ತು ಕಟ್ಟು ನೆಲದ ಮೇಲೆ ಉರುಳುತ್ತವೆ. ಅದರಲ್ಲೊಂದನ್ನು ಬಿಚ್ಚಿದರೆ ಬಿಡಿ 13, ಉಳಿದ ಕಟ್ಟು 9, ನೂರು 1. ಸೊನ್ನೆ ಯಾಕೆ 9 ಆಯಿತು, 2 ಯಾಕೆ 1 ಆಯಿತು ಎಂಬುದು ಕೈಯಲ್ಲೇ ಇದೆ. ಪ್ರತಿ ಸಲ ಕಟ್ಟು ಬಿಚ್ಚಿದಾಗಲೂ ಪುಸ್ತಕದಲ್ಲಿ ಆ ಅಂಕಿಯನ್ನು ಹೊಡೆದು ಹೊಸದನ್ನು ಮೇಲೆ ಬರೆಯಲೇಬೇಕು. ಕಡ್ಡಿಯ ಕೆಲಸವೆಲ್ಲ ಮುಗಿದ ಮೇಲೆ ಬರೆಯೋಣ ಎಂದರೆ ಕಡ್ಡಿ ಬೇರೆ, ಲೆಕ್ಕ ಬೇರೆ ಆಗುತ್ತದೆ. ಚಟುವಟಿಕೆ ಚೆನ್ನಾಗಿ ನಡೆದೂ ಪುಸ್ತಕದಲ್ಲಿ ಮತ್ತೆ 255 ಬರುವುದು ಇದೇ ಕಾರಣಕ್ಕೆ. ನಾಲ್ಕೈದು ದಿನದ ನಂತರ ಕಡ್ಡಿಯನ್ನು ಪಕ್ಕಕ್ಕಿಟ್ಟು, ಕಾಗದದಲ್ಲಿ ಕತ್ತರಿಸಿದ 100, 10, 1ರ ನೋಟುಗಳಿಗೆ ದಾಟಬೇಕು. ನೋಟನ್ನು ಬಿಚ್ಚಲಾಗದು, ಚಿಲ್ಲರೆ ಮಾಡಿಸಬೇಕು. ಒಬ್ಬ ಮಗು ಬ್ಯಾಂಕಿನವರಾಗಿ ಕೂರಬೇಕು.

ಇದಕ್ಕೆಲ್ಲ ಪಾಠ ಹಂಚಿಕೆಯಲ್ಲಿ ಸಮಯ ಎಲ್ಲಿ ಎಂದು ಕೇಳಬಹುದು. ನಾನು ಪರಿಹಾರ ಬೋಧನೆಯನ್ನು ಪಾಠದ ಹೊರಗೆ ಇಡುವುದಿಲ್ಲ, ಒಳಗೇ ತೂರಿಸುತ್ತೇನೆ. 5 ಅಂಕಿಯ ಸಂಖ್ಯೆಯ ಪಾಠವಿರಲಿ, ಸ್ಥಾನಬೆಲೆಯೇ ಅದರ ತಿರುಳು. ಹತ್ತು ಬಿಡಿ ಒಂದು ದಶಕ ಎಂಬುದನ್ನೇ ಮೇಲಕ್ಕೆ ಒಯ್ದರೆ ಹತ್ತು ಸಾವಿರ. ಒಂದು ಗುಂಪು 203−58 ಮಾಡುವಾಗ ಇನ್ನೊಂದು 40,003−15,238 ಮಾಡುತ್ತಿರುತ್ತದೆ (ಉತ್ತರ 24,765). ಎರಡೂ ಸೊನ್ನೆ ದಾಟುವ ಲೆಕ್ಕಗಳೇ, ಹಲಗೆಯ ಮೇಲೆ ಒಂದೇ ವಿವರಣೆ ಸಾಕು. ಪಾಠ ಯೋಜನೆಯಲ್ಲಿ ಪಾಠದ ಹೆಸರು ಹಂಚಿಕೆಯಲ್ಲಿರುವುದೇ, ಚಟುವಟಿಕೆಯ ಜಾಗದಲ್ಲಿ ನಿಜಕ್ಕೂ ಮಾಡಿದ ಕೆಲಸ. ಪಾಠ ಯೋಜನೆಯ ನಮೂನೆ ಕೇಳುವ, ತೊಡಗಿಸುವುದರಿಂದ ಮೌಲ್ಯಮಾಪನದವರೆಗಿನ ಐದು ಹಂತಗಳನ್ನು ಒಂದೊಂದು ಅವಧಿಗೂ ಬರೆಯುವುದನ್ನು ಬಿಟ್ಟು ಇಡೀ ಘಟಕಕ್ಕೆ ಒಂದು ಸಲ ಬರೆಯುತ್ತೇನೆ. 40 ನಿಮಿಷದಲ್ಲಿ ಐದೂ ಹಂತ ನಡೆಯಿತು ಎಂದು ಬರೆದರೆ ಅದು ಸುಳ್ಳು, ಮಾಡಿದರೆ ಅದು ಓಟ. ಮಾಡದೇ ಇದ್ದದ್ದನ್ನು ಮಾಡಿದೆ ಎಂದು ಬರೆಯುವ ಅಭ್ಯಾಸ ಒಮ್ಮೆ ಹತ್ತಿದರೆ ಅಂಕ ತುಂಬುವಾಗಲೂ ಕೈ ಅದನ್ನೇ ಮಾಡುತ್ತದೆ.

ಓದಿನ ವಿಷಯಕ್ಕೆ ಬಂದರೆ ಸಂಖ್ಯೆಯ ಹಾವಳಿ ಇನ್ನೂ ಜಾಸ್ತಿ. ಓದು-ಲೆಕ್ಕದ ಬುನಾದಿ ಗಟ್ಟಿ ಮಾಡಲು ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಗುರಿಯಲ್ಲಿ ಮೂರನೇ ತರಗತಿ ಮುಗಿಯುವಷ್ಟರಲ್ಲಿ ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು ಎಂದಿದೆ. ಕನ್ನಡದಲ್ಲಿ ಪದ ಎಂದರೆ ಏನು ಎಂದು ಇಲ್ಲಿ ಯೋಚಿಸಬೇಕು. "ಅವನು ಶಾಲೆಗೆ ಹೋಗುತ್ತಿದ್ದನು" ಎಂಬುದು 3 ಪದ. ಅದೇ ಮಾತು ಹಿಂದಿಯಲ್ಲಿ "ವಹ್ ಸ್ಕೂಲ್ ಜಾ ರಹಾ ಥಾ", 5 ಪದ. ನಮ್ಮ ಮಗು ಒಂದು "ಹೋಗುತ್ತಿದ್ದನು" ಓದಲು ಎರಡು ಒತ್ತಕ್ಷರ ದಾಟಬೇಕು. ಗಡಿಯಾರ ಹಿಡಿದು ಕೂತರೆ ಇನ್ನೊಂದು ಕೆಡುಕು: ಮಕ್ಕಳು ಪದದ ಕೊನೆಯನ್ನು ನುಂಗುತ್ತಾರೆ. ಕನ್ನಡದಲ್ಲಿ ಅರ್ಥ ಇರುವುದೇ ಕೊನೆಯಲ್ಲಿ. ಮರಕ್ಕೆ, ಮರದಿಂದ, ಮರದಲ್ಲಿ, ಮರದ ಎಲ್ಲವನ್ನೂ "ಮರ" ಎಂದು ಓದಿ ಮುಂದೆ ಓಡಿದ ಮಗುವಿಗೆ ವೇಗ ಸಿಗುತ್ತದೆ, ಹಕ್ಕಿ ಮರಕ್ಕೆ ಬಂತೋ ಮರದಿಂದ ಹೋಯಿತೋ ತಿಳಿಯುವುದಿಲ್ಲ.

ಆದ್ದರಿಂದ ನಾನು ಮೊದಲ ಮೂರು ತಿಂಗಳು ಸಮಯ ಅಳೆಯುವುದಿಲ್ಲ, ಎಡವಿದ ಜಾಗ ಗುರುತಿಸುತ್ತೇನೆ. ಸುಮಾರು 100 ಅಕ್ಷರದ, ಮಕ್ಕಳು ನೋಡಿರದ ಒಂದು ಪ್ಯಾರಾ ಬೇಕು. ಸ್ವಂತ ಪಠ್ಯಪುಸ್ತಕದ್ದು ಬೇಡ, ಅರ್ಧ ಬಾಯಿಪಾಠ ಆಗಿರುತ್ತದೆ. ಮಗುವಿನ ಕೈಯಲ್ಲೊಂದು ಪ್ರತಿ, ನನ್ನ ಕೈಯಲ್ಲೊಂದು. ದೀರ್ಘ ತಪ್ಪಿದರೆ ಅಕ್ಷರದ ಮೇಲೆ ಗೆರೆ, ಒತ್ತು ಬಿಟ್ಟರೆ ಕೆಳಗೆ ಗೆರೆ, ಕೊನೆ ನುಂಗಿದರೆ ಪದದ ಬಾಲಕ್ಕೆ ಸುತ್ತು. ಓದು ಮುಗಿದ ಮೇಲೆ ಎರಡು ಪ್ರಶ್ನೆ, ಅದರಲ್ಲೊಂದು ವಿಭಕ್ತಿ ತಿಳಿಯದೆ ಉತ್ತರಿಸಲಾಗದ್ದು. ಒಬ್ಬರಿಗೆ 3 ನಿಮಿಷ ಸಾಕು.

ಒತ್ತಕ್ಷರದಲ್ಲಿ ಎಲ್ಲವೂ ಒಂದೇ ಕಷ್ಟವಲ್ಲ. ಗ, ದ, ಜ, ಪ ಇವುಗಳ ಒತ್ತು ಮೂಲ ಅಕ್ಷರದ ಚಿಕ್ಕ ರೂಪದಂತೆಯೇ ಇದೆ, ಮಗು ಊಹಿಸಬಲ್ಲದು. ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ಈ ಆರನ್ನು ಬೇರೆಯಾಗಿ, ದಿನಕ್ಕೆ ಒಂದರಂತೆ ಕಲಿಸಿದರೆ ಓದಿನ ಅರ್ಧ ಎಡವಟ್ಟು ನಿಲ್ಲುತ್ತದೆ. ಜೋಡಿ ಪದಗಳು ಬಹಳ ಕೆಲಸ ಮಾಡುತ್ತವೆ: ಕತೆ–ಕತ್ತೆ, ಬಳಿ–ಬಳ್ಳಿ, ಎಲೆ–ಎಲ್ಲೆ. ಕತೆ ಹೇಳಿದರು, ಕತ್ತೆ ಹೇಳಿದರು ಎಂದು ಓದಿಸಿದರೆ ಮಕ್ಕಳೇ ನಕ್ಕು ತಿದ್ದಿಕೊಳ್ಳುತ್ತಾರೆ. ಅರ್ಕಾವತ್ತು ಕೊನೆಗೆ. ಅದನ್ನು ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಅಕ್ಷರಕ್ಕಿಂತ ಮುಂಚೆ ಆದ್ದರಿಂದ ಸೂರ್ಯ "ಸೂಯ್ರ" ಆಗುತ್ತದೆ. ಅದನ್ನು ಮೊದಲು ಸೂರ್‌–ಯ ಎಂದು ಕಿವಿಗೆ ಒಡೆದು ಕೇಳಿಸಿ, ಆಮೇಲೆ ಕಣ್ಣಿಗೆ ತೋರಿಸಬೇಕು.

ಅಕ್ಷರದಲ್ಲೇ ನಿಂತ ಮಕ್ಕಳೂ ನಾಲ್ಕನೇ ತರಗತಿಗೆ ಬಂದಿರುತ್ತಾರೆ. ಅವರಿಗೆ ನಲಿ-ಕಲಿಯ ರ, ಗ, ಸ, ದ, ಅ ಕ್ರಮವೇ ಸರಿ. ಐದೇ ಅಕ್ಷರದಲ್ಲಿ ಅರಸ, ಅಗಸ, ಗರಗಸ, ದಸರ, ಸರ ಎಲ್ಲ ಓದಬಹುದು. ಆದರೆ ಒಂದನೇ ತರಗತಿಯ ಕಾರ್ಡನ್ನೇ ಅವರ ಕೈಗೆ ಕೊಡಬೇಡಿ. ತಮ್ಮ ತಂಗಿ ಓದುವ ಕಾರ್ಡು ಹಿಡಿದ ಮಗು ತಲೆ ಎತ್ತುವುದಿಲ್ಲ. ಅದೇ ಪದಗಳನ್ನು ಚೀಟಿಯಲ್ಲಿ ಬರೆದು, ಊರಿನ ಬಸ್ ಬೋರ್ಡು, ನ್ಯಾಯಬೆಲೆ ಅಂಗಡಿಯ ಹಲಗೆ, ಬಿಸಿಯೂಟದ ಗೋಡೆಯ ಪಟ್ಟಿ ಇವುಗಳ ಜೊತೆ ಸೇರಿಸಿ ಕೊಡಬೇಕು.

ಇನ್ನು ಎಂಟ್ರಿ. ವರ್ಷಕ್ಕೆ 4 ರೂಪಣಾತ್ಮಕ (ಕಲಿಕೆಯ ನಡುನಡುವೆ ಮಾಡುವ), 2 ಸಂಕಲನಾತ್ಮಕ (ಅರ್ಧವರ್ಷದ ಕೊನೆಗೆ ಮಾಡುವ) ಮೌಲ್ಯಮಾಪನ ಮೊದಲಿನಿಂದ ಇವೆ. 2025–26ರಲ್ಲಿ ಪಾಠ ಆಧಾರಿತ ಮೌಲ್ಯಾಂಕನ ಬಂದ ಮೇಲೆ ಒಂದೊಂದು ಪಾಠಕ್ಕೂ ಪರೀಕ್ಷೆ, ಅದರ ಅಂಕ ಆನ್‌ಲೈನ್‌ಗೆ. ನನ್ನ ತರಗತಿಯ ಲೆಕ್ಕ ಇಷ್ಟು: 24 ಮಕ್ಕಳು, 4 ವಿಷಯ, ಒಂದು ಸುತ್ತಿಗೆ 96 ಉತ್ತರ ಪತ್ರಿಕೆ. ತಿದ್ದಲು 3 ನಿಮಿಷ, ತುಂಬಲು 2 ನಿಮಿಷ ಹಿಡಿದರೂ 480 ನಿಮಿಷ, ಅಂದರೆ 8 ಗಂಟೆ. ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರಿಗೆ ತಯಾರಿ ಸೇರಿ ವಾರಕ್ಕೆ 45 ಗಂಟೆ ಎಂದಿದೆ. ಈ 8 ಗಂಟೆ ತಯಾರಿಯಿಂದ ಕಳೆಯಬೇಕು, ಇಲ್ಲವೇ ಮಕ್ಕಳಿಂದ. ಇದನ್ನು ಮೇಲಿನವರಿಗೆ ಇದೇ ಲೆಕ್ಕದಲ್ಲಿ, ನಿಮಿಷ ಸಮೇತ ಬರೆದುಕೊಡಬೇಕು. ಕೆಲಸದ ಒತ್ತಡ ಜಾಸ್ತಿ ಎಂದಷ್ಟೇ ಬರೆದರೆ ಅದು ಗೊಣಗಾಟವಾಗಿ ಕಡತಕ್ಕೆ ಸೇರುತ್ತದೆ.

ಅದು ಬದಲಾಗುವವರೆಗೆ ನಾನು ಮಾಡುವುದು ಇಷ್ಟು. ರೂಪಣಾತ್ಮಕಕ್ಕೆ ಪ್ರತ್ಯೇಕ ಪರೀಕ್ಷೆಯ ದಿನ ಇಡುವುದಿಲ್ಲ, ತರಗತಿ ಕೆಲಸದ ಹಾಳೆಯೇ ದಾಖಲೆ. ಪಾಠದ ಪರೀಕ್ಷೆಯ ಪ್ರಶ್ನೆಗಳಲ್ಲಿ ಎರಡಾದರೂ 403−158ರಂಥವು ಇರುವಂತೆ ನೋಡಿಕೊಳ್ಳುತ್ತೇನೆ, ಆಗ ಒಂದೇ ಹಾಳೆಯಿಂದ ಅಂಕವೂ ಚುಕ್ಕೆಯೂ ಸಿಗುತ್ತವೆ. ಅಂಕಗಳನ್ನು ಮೊದಲು ಕಾಗದದಲ್ಲಿ, ಪರದೆಯಲ್ಲಿ ಹೆಸರುಗಳು ಬರುವ ಕ್ರಮದಲ್ಲೇ ಬರೆದಿಟ್ಟುಕೊಳ್ಳಬೇಕು. ಹಾಜರಿ ಪುಸ್ತಕದ ಕ್ರಮದಲ್ಲಿ ಬರೆದು ತುಂಬಲು ಕೂತರೆ ಒಂದು ಸಾಲು ಜಾರಿ ಕೆಳಗಿನ ಎಲ್ಲರ ಅಂಕವೂ ಅದಲುಬದಲಾಗುತ್ತದೆ. ಕೊನೆಯ ದಿನಾಂಕಕ್ಕೆ ಒಂದು ವಾರ ಮೊದಲೇ ಮುಗಿಸಬೇಕು, ಕೊನೆಯ ಎರಡು ದಿನ ಸರ್ವರ್ ತೆರೆಯುವುದೇ ಇಲ್ಲ. ಬೆಳಗಿನ ಅವಧಿಯಲ್ಲಿ ಮೊಬೈಲ್ ಮುಟ್ಟುವುದಿಲ್ಲ. ಶನಿವಾರ ಮಕ್ಕಳು ಹೋದ ಮೇಲೆ ಎಂಟ್ರಿ.

ಅಂಕ ಏರಿಸುವ ಒತ್ತಡ ಇದ್ದೇ ಇದೆ. ಫಲಿತಾಂಶ ಕಡಿಮೆ ಬಂದ ಶಾಲೆಗೆ ಕಾರಣ ಕೇಳುತ್ತಾರೆ, ಎಲ್ಲರಿಗೂ ಎ ಪ್ಲಸ್ ತುಂಬಿದ ಶಾಲೆಗೆ ಯಾರೂ ಕೇಳುವುದಿಲ್ಲ. ಆದರೆ ಏರಿಸಿದ ಅಂಕದ ಬೆಲೆ ತೆರುವುದು 355 ಬರೆಯುವ ಮಗು. ದಾಖಲೆಯಲ್ಲಿ ಅದಕ್ಕೆ ಎಲ್ಲ ಬರುತ್ತದೆ, ಆದ್ದರಿಂದ ಮುಂದೆ ಯಾರೂ ಅದರ ಪಕ್ಕ ಕೂರುವುದಿಲ್ಲ. ನಾನು ಇದ್ದ ಅಂಕವನ್ನೇ ತುಂಬಿ, ಜೊತೆಗೆ ತಪ್ಪುಪಟ್ಟಿಯ ಜೂನ್ ಮತ್ತು ಸೆಪ್ಟೆಂಬರ್ ಪುಟಗಳನ್ನು ಮುಖ್ಯ ಶಿಕ್ಷಕರ ಕಡತದಲ್ಲಿ ಇಡುತ್ತೇನೆ. ಯಾಕೆ ಕಡಿಮೆ ಎಂದು ಕೇಳಿದರೆ ಪುಟ ತೆರೆದು ಯಾವ ಮಗು, ಯಾವ ತಪ್ಪು, ಎಂದು ಹೋಯಿತು, ಯಾವುದು ಉಳಿದಿದೆ ಎಂದು ತೋರಿಸಬಹುದು. ಕೂತು ನೋಡುವ ವ್ಯವಧಾನ ಇರುವ ಅಧಿಕಾರಿಗಳೂ ಇದ್ದಾರೆ. ಅವರು ಇಲಾಖೆಯ ನಮೂನೆಗಿಂತ ಹೆಚ್ಚು ಹೊತ್ತು ಈ ಪುಟ ನೋಡುತ್ತಾರೆ.

ಪೋಷಕರ ಸಭೆಗೂ ಇದೇ ಪುಸ್ತಕ. ಓದು ಬಾರದ ತಾಯಿಯ ಮುಂದೆ ಅಂಕಪಟ್ಟಿ ಹಿಡಿದರೆ ಅವರು ಹೆಬ್ಬೆಟ್ಟು ಎಲ್ಲಿ ಒತ್ತಬೇಕು ಎಂದಷ್ಟೇ ಕೇಳುತ್ತಾರೆ. ಅದರ ಬದಲು, "ನೋಡಮ್ಮಾ, ನೂರು ರೂಪಾಯಿ ಕೊಟ್ಟು ಮೂವತ್ತೇಳು ರೂಪಾಯಿ ಸಾಮಾನು ತಂದ್ರೆ ಚಿಲ್ಲರೆ ಎಷ್ಟು ಅಂತ ದಿನಾ ಕೇಳಿ" ಎಂದರೆ ಅವರಿಗೆ ಮಗುವಿನ ಕಷ್ಟವೂ ತಿಳಿಯುತ್ತದೆ, ಮನೆಯಲ್ಲಿ ಮಾಡಿಸಲು ಕೆಲಸವೂ ಸಿಗುತ್ತದೆ. 100−37 ಎಂದರೆ ಎರಡು ಸೊನ್ನೆ ದಾಟುವ ಲೆಕ್ಕವೇ.

ಐದನೇ ತರಗತಿ ಮುಗಿಸಿದವರು ಆರಕ್ಕೆ ಬೇರೆ ಶಾಲೆಗೆ ಹೋಗುತ್ತಾರೆ. ಅಂಕಗಳು ಸ್ಯಾಟ್ಸ್‌ನಲ್ಲಿ ತಾವಾಗಿ ದಾಟುತ್ತವೆ. ವರ್ಗಾವಣೆ ಪತ್ರದ ಜೊತೆ ನಾನು ಪ್ರತಿ ಮಗುವಿಗೂ ಅರ್ಧ ಹಾಳೆ ಬರೆದು ಕಳಿಸುತ್ತೇನೆ, ಅಲ್ಲಿನ ಗಣಿತ ಮತ್ತು ಕನ್ನಡ ಶಿಕ್ಷಕರ ಕೈಗೆ ಮುಟ್ಟುವಂತೆ. ಮೂರೇ ಸಾಲು: ಬರುವುದು ಏನು, ಇನ್ನೂ ಚುಕ್ಕೆಯಲ್ಲೇ ಉಳಿದದ್ದು ಏನು, ಯಾವುದರಿಂದ ಅರ್ಥವಾಯಿತು. ಒಂದು ಹಾಳೆಯಲ್ಲಿದ್ದದ್ದು ಹೀಗೆ: "ಸೊನ್ನೆ ದಾಟಿ ಕಳೆಯುವುದು ಬರುತ್ತದೆ. ಅರ್ಕಾವತ್ತು ಇನ್ನೂ ತಪ್ಪುತ್ತದೆ. ಹಲಗೆಯ ಮುಂದೆ ನಿಲ್ಲಿಸಿ ಕೇಳಿದರೆ ಮಾತಾಡುವುದಿಲ್ಲ, ಪಕ್ಕದಲ್ಲಿ ಕೂತು ಕೇಳಿ."